ಬ್ಯಾಟರಿ ಕಾರಿನ ವಿದೇಶಿ ಷೇರು: ಕೊಳ್ಳುವ ಮುಂಚೆ ನೋಡಬೇಕಾದ ಲೆಕ್ಕ

ಪ್ರಶ್ನೆ: ಸರ್, ನನಗೆ 36 ವರ್ಷ. ಸಿಂಧನೂರು ತಾಲ್ಲೂಕಿನವನು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಎಂಟು ಎಕರೆ ಭತ್ತದ ಗದ್ದೆ ಇದೆ. ಬೇರೆ ಆದಾಯ ಇಲ್ಲ, ಇಲ್ಲಿಯವರೆಗೆ ಐಟಿ ರಿಟರ್ನ್ ಹಾಕಿಲ್ಲ. ಕೈಯಲ್ಲಿ ನಾಲ್ಕು ಲಕ್ಷ ಉಳಿದಿದೆ. ಒಂದು ಷೇರೂ ಕೊಂಡವನಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗ 'ಟೆಸ್ಲಾ ತಗೋ ಮಾವ, ಮುಂದೆಲ್ಲ ಬ್ಯಾಟರಿ ಗಾಡಿನೇ' ಅಂತಾನೆ. ನಮ್ಮೂರಲ್ಲೂ ಬ್ಯಾಟರಿ ಸ್ಕೂಟರ್ ಜಾಸ್ತಿ ಆಗಿವೆ, ಅವನ ಮಾತು ಸರಿ ಅನಿಸುತ್ತೆ. ಇನ್ನೊಂದು ಕಡೆ ವಾಟ್ಸಾಪ್ ಗುಂಪಿನಲ್ಲಿ, ಚೀನಾದ ಬ್ಯಾಟರಿ ಕಾರು ಕಂಪನಿ ಬಿವೈಡಿಯ ಷೇರು ಮಾರುಕಟ್ಟೆಗೆ ಬರುವ ಮುಂಚೆಯೇ ಕಡಿಮೆ ಬೆಲೆಗೆ ಕೊಡಿಸ್ತೀವಿ, ಕನಿಷ್ಠ ಒಂದು ಲಕ್ಷ ಹಾಕಿ ಅಂತಿದ್ದಾರೆ. ವಿದೇಶಿ ಷೇರಿಗೆ ಇಲ್ಲಿ ತೆರಿಗೆ ಇಲ್ಲವಂತೆ. ಡಾಲರ್ ಏರುತ್ತಲೇ ಇರುವುದರಿಂದ ನಷ್ಟವೂ ಆಗೋದಿಲ್ಲವಂತೆ. ಇದೆಲ್ಲ ನಿಜವಾ? ಸೊಸೈಟಿಯಲ್ಲಿ ಸಿಗುವ ಬಡ್ಡಿ ಇಲ್ಲದ ಬೆಳೆ ಸಾಲವನ್ನೂ ಸೇರಿಸಿ ಹಾಕಬಹುದಾ? ಮನೆಯವರು ಬೇಡವೇ ಬೇಡ ಅಂತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಅದರಲ್ಲಿ ಒಂದಕ್ಕೆ ಇವತ್ತೇ ಉತ್ತರ ಬೇಕು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಆ ವಾಟ್ಸಾಪ್ ಗುಂಪಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಬಿವೈಡಿ ಷೇರು 'ಮಾರುಕಟ್ಟೆಗೆ ಬರುವ ಮುಂಚೆ' ಸಿಗಲು ಸಾಧ್ಯವೇ ಇಲ್ಲ. ಆ ಕಂಪನಿ ಹಾಂಕಾಂಗ್ ಷೇರುಪೇಟೆಗೆ ಬಂದಿದ್ದು 2002ರಲ್ಲಿ. ಚೀನಾದ ಶೆನ್‌ಝೆನ್ ಪೇಟೆಗೆ ಬಂದಿದ್ದು 2011ರಲ್ಲಿ. ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ಅವರ ಕಂಪನಿ 2008ರಲ್ಲಿ ಇದರ ಷೇರು ಕೊಂಡು, 2022ರಿಂದ ಮಾರುತ್ತಾ ಬಂದು, ಕೊನೆಗೆ ಪೂರ್ತಿ ಹೊರಬಂದೂ ಆಯಿತು. ಇಷ್ಟು ಹಳೆಯ ಷೇರನ್ನು ಹೊಸದಾಗಿ ಬರಲಿದೆ ಅಂತ ಮಾರುವವರ ಹತ್ತಿರ ಷೇರೇ ಇರುವುದಿಲ್ಲ.

ಇಂಥ ಗುಂಪುಗಳು ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿದಿರಲಿ. ಒಂದು ಆ್ಯಪ್ ಹಾಕಿಸುತ್ತಾರೆ. ನೀವು ಗೂಗಲ್ ಪೇ, ಫೋನ್ ಪೇನಲ್ಲೋ ಆರ್‌ಟಿಜಿಎಸ್‌ನಲ್ಲೋ ಹಣ ಕಳಿಸುತ್ತೀರಿ. ಹೋಗುವ ಖಾತೆ ಯಾವುದೋ ಊರಿನ ಯಾರದೋ ಹೆಸರಿನಲ್ಲಿರುತ್ತೆ. ಮರುದಿನವೇ ಆ್ಯಪ್‌ನಲ್ಲಿ ನಿಮ್ಮ ಒಂದು ಲಕ್ಷ ಒಂದು ಲಕ್ಷದ ಎಂಟು ಸಾವಿರ ಅಂತ ಕಾಣುತ್ತೆ. ನಂಬಿಕೆ ಬರಲಿ ಅಂತ ಐದು ಸಾವಿರ ವಾಪಸ್ ತೆಗೆಯಲೂ ಬಿಡುತ್ತಾರೆ. ನೀವು ಇನ್ನೂ ಮೂರು ಲಕ್ಷ ಹಾಕುತ್ತೀರಿ. ಆಮೇಲೆ ತೆಗೆಯಲು ಹೋದರೆ 'ಮೊದಲು ಶೇ 20 ತೆರಿಗೆ ಕಟ್ಟಿ' ಅಂತ ಶುರುವಾಗುತ್ತೆ. ನಿಜವಾದ ವ್ಯವಹಾರದಲ್ಲಿ ಲಾಭದ ತೆರಿಗೆಯನ್ನು ಬ್ರೋಕರ್ (ಷೇರು ಕೊಡಿಸುವ ಸಂಸ್ಥೆ) ಖಾತೆಗೆ ಮುಂಗಡವಾಗಿ ಕಟ್ಟುವ ಪದ್ಧತಿಯೇ ಇಲ್ಲ. ಈಗಾಗಲೇ ಏನಾದರೂ ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ಆ ಖಾತೆಯಲ್ಲೇ ತಡೆಯುವ ಅವಕಾಶ ಜಾಸ್ತಿ.

ಇನ್ನು ನಿಮ್ಮ ಅಕ್ಕನ ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ಸುಳ್ಳಲ್ಲ. ಬ್ಯಾಟರಿ ಕಾರು ಮಾಡುವ ಟೆಸ್ಲಾ ನಿಜವಾದ ಕಂಪನಿ, 2010ರಿಂದ ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿದೆ. ನೀವು ಸಿಂಧನೂರಿನಲ್ಲಿ ಕೂತು ಕಾನೂನುಬದ್ಧವಾಗಿಯೇ ಅದರ ಷೇರು ಕೊಳ್ಳಬಹುದು. ಆದರೆ 'ಮುಂದೆಲ್ಲ ಬ್ಯಾಟರಿ ಗಾಡಿನೇ' ಅನ್ನುವ ಮಾತಿನಿಂದ 'ಆದ್ದರಿಂದ ಷೇರು ಏರುತ್ತೆ' ಅನ್ನುವ ಮಾತಿಗೆ ಅವನು ನೇರವಾಗಿ ಹಾರಿದ್ದಾನೆ. ಬಳ್ಳಾರಿಯಲ್ಲಿ ತೆರಿಗೆ ಮತ್ತು ಹೂಡಿಕೆಯ ಲೆಕ್ಕ ನೋಡುವುದು ನನ್ನ ಕೆಲಸ. ಹೊಸದಾಗಿ ಷೇರಿಗೆ ಇಳಿಯುವವರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಈ ಹಾರಾಟದಲ್ಲೇ. ಗಾಡಿ ಓಡುವುದು ಒಂದು ಲೆಕ್ಕ, ಷೇರು ಓಡುವುದು ಇನ್ನೊಂದು ಲೆಕ್ಕ.

ಟೆಸ್ಲಾದ ಎರಡು ವರ್ಷಗಳನ್ನೇ ಪಕ್ಕ ಪಕ್ಕ ಇಟ್ಟು ನೋಡಿ. 2021ರಲ್ಲಿ ಅದು ಸುಮಾರು 9.36 ಲಕ್ಷ ಕಾರು ಮಾರಿತ್ತು. 2022ರಲ್ಲಿ 13 ಲಕ್ಷ ದಾಟಿತು. ಅಂದರೆ ಶೇ 40ರಷ್ಟು ಏರಿಕೆ. ಲಾಭವೂ ಆವರೆಗಿನ ದಾಖಲೆ, 1,200 ಕೋಟಿ ಡಾಲರ್‌ಗೂ ಮೇಲೆ. ಅದೇ 2022ರಲ್ಲಿ ಷೇರಿನ ಬೆಲೆ ಏನಾಯಿತು? ಶೇ 65ರಷ್ಟು ಬಿತ್ತು. ಈಗ 2024 ನೋಡಿ. ವರ್ಷದ ಕಾರು ಮಾರಾಟ ಮೊದಲ ಸಲ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು, 18.1 ಲಕ್ಷದಿಂದ 17.9 ಲಕ್ಷಕ್ಕೆ. ಷೇರು ಮಾತ್ರ ಶೇ 60ಕ್ಕೂ ಹೆಚ್ಚು ಏರಿತು. ಒಳ್ಳೆ ವರ್ಷದಲ್ಲಿ ಬಿದ್ದು, ಸಪ್ಪೆ ವರ್ಷದಲ್ಲಿ ಏರಿದೆ.

ಹೀಗೇಕೆ? ಷೇರಿನ ಬೆಲೆಯಲ್ಲಿ ಇವತ್ತಿನ ವ್ಯಾಪಾರ ಮಾತ್ರ ಇರುವುದಿಲ್ಲ, ಮುಂದಿನ ಹತ್ತು ಹದಿನೈದು ವರ್ಷದ ನಿರೀಕ್ಷೆಯೂ ಸೇರಿರುತ್ತೆ. ಬ್ಯಾಟರಿ ಗಾಡಿಗೆ ಭವಿಷ್ಯ ಇದೆ ಅನ್ನುವುದು ನಿಮಗೂ ನಿಮ್ಮ ಅಳಿಯನಿಗೂ ಮಾತ್ರ ಗೊತ್ತಿರುವ ಗುಟ್ಟಲ್ಲ. ಜಗತ್ತಿಗೆಲ್ಲ ಗೊತ್ತು. ಹಾಗಾಗಿ ಆ ಭವಿಷ್ಯದ ಬೆಲೆಯನ್ನು ಮಾರುವವನು ಮೊದಲೇ ಸೇರಿಸಿಕೊಂಡಿರುತ್ತಾನೆ. 2024ರ ಕೊನೆಯಲ್ಲಿ ಟೆಸ್ಲಾ ಷೇರಿನ ಬೆಲೆ, ಆ ವರ್ಷ ಅದು ಪ್ರತಿ ಷೇರಿಗೆ ಗಳಿಸಿದ ಲಾಭದ ಸುಮಾರು 200 ಪಟ್ಟು ಇತ್ತು. ಟೊಯೊಟಾದಂಥ ಹಳೆಯ ಕಾರು ಕಂಪನಿಗೆ ಜನ ಹತ್ತು ಪಟ್ಟಿನ ಆಸುಪಾಸಿನಲ್ಲಿ ಕೊಡುತ್ತಾರೆ. 200 ಪಟ್ಟು ಕೊಟ್ಟವನಿಗೆ ಕಂಪನಿ ಚೆನ್ನಾಗಿ ನಡೆದರೆ ಸಾಲದು, ಎಲ್ಲರೂ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ನಡೆಯಬೇಕು. ಈಗ ಆ ಬೆಲೆಯಲ್ಲಿ ತಾನಾಗಿ ಓಡುವ ಟ್ಯಾಕ್ಸಿ, ಮನುಷ್ಯನಂಥ ರೋಬೋ ಇವುಗಳ ನಿರೀಕ್ಷೆಯೂ ಸೇರಿದೆ. ಅಂದರೆ ನೀವು ಬ್ಯಾಟರಿ ಕಾರಿನ ಮೇಲೆ ಹಣ ಹಾಕುತ್ತಿದ್ದೇನೆ ಅಂದುಕೊಂಡಿದ್ದರೂ, ಅದರಲ್ಲಿ ದೊಡ್ಡ ಪಾಲು ಹೋಗುವುದು ಇನ್ನೂ ದೊಡ್ಡ ವ್ಯಾಪಾರವಾಗದ ಕೆಲಸಗಳ ಮೇಲೆ.

ಮೆಣಸಿನಕಾಯಿ ನೆನಪಿಸಿಕೊಳ್ಳಿ. ಹಿಂದಿನ ವರ್ಷ ರೇಟು ಬಂತು ಅಂತ ಎಲ್ಲರೂ ಅದನ್ನೇ ಹಾಕಿದರು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ಎಂಥ ಗಲಾಟೆ ಆಯಿತು ಅಂತ ನಿಮಗೆ ಗೊತ್ತು. ಆಗ ಮೆಣಸಿನಕಾಯಿ ತಿನ್ನುವುದನ್ನು ಯಾರೂ ಬಿಟ್ಟಿರಲಿಲ್ಲ.

ಇದಕ್ಕೂ ಕೆಟ್ಟದ್ದು ಇದೆ. ಬ್ಯಾಟರಿ ಗಾಡಿ ಗೆದ್ದರೂ ನೀವು ಆರಿಸಿದ ಕಂಪನಿ ಉಳಿಯದೇ ಹೋಗಬಹುದು. ಅಮೆರಿಕದಲ್ಲೇ ಲಾರ್ಡ್ಸ್‌ಟೌನ್ 2023ರಲ್ಲಿ, ಫಿಸ್ಕರ್ 2024ರಲ್ಲಿ, ನಿಕೋಲಾ ಮತ್ತು ಕನೂ 2025ರಲ್ಲಿ ದಿವಾಳಿ ಎದ್ದವು. ಒಂದು ಕಾಲದಲ್ಲಿ ಇವೆಲ್ಲ 'ಮುಂದಿನ ಟೆಸ್ಲಾ' ಅಂತ ಕೊಂಡಾಡಿಸಿಕೊಂಡವೇ. ನಿಕೋಲಾ ತನ್ನ ಲಾರಿ ಓಡುತ್ತಿದೆ ಅಂತ ತೋರಿಸಿದ ವಿಡಿಯೊದಲ್ಲಿ ಲಾರಿ ಇಳಿಜಾರಿನಲ್ಲಿ ಸುಮ್ನೆ ಉರುಳುತ್ತಿತ್ತು ಅಂತ ಆಮೇಲೆ ಬಯಲಾಯಿತು. ರಿವಿಯನ್ 2021ರ ನವೆಂಬರ್‌ನಲ್ಲಿ 78 ಡಾಲರ್‌ಗೆ ಪೇಟೆಗೆ ಬಂತು, ಒಂದೇ ವಾರದಲ್ಲಿ 179 ಮುಟ್ಟಿತು, ಎರಡು ವರ್ಷ ಆಗುವುದರೊಳಗೆ 20ಕ್ಕೂ ಕೆಳಗೆ ಇಳಿದಿತ್ತು. ಕಂಪನಿ ಇವತ್ತಿಗೂ ಗಾಡಿ ಮಾಡುತ್ತಿದೆ. 179ಕ್ಕೆ ಕೊಂಡವನ ಹಣ ಮಾತ್ರ ಹೋಯಿತು. ವಿಯೆಟ್ನಾಂನ ವಿನ್‌ಫಾಸ್ಟ್, ಈಗ ತಮಿಳುನಾಡಿನ ತೂತ್ತುಕುಡಿಯಲ್ಲಿ ಕಾರ್ಖಾನೆ ಹಾಕಿರುವ ಕಂಪನಿ, 2023ರ ಆಗಸ್ಟ್‌ನಲ್ಲಿ ಕೆಲವು ದಿನ ಒಟ್ಟು ಷೇರುಗಳ ಬೆಲೆಯಲ್ಲಿ ಫೋರ್ಡ್‌ಗಿಂತ ದೊಡ್ಡದಾಗಿತ್ತು. ಅದರ ಶೇ 99 ಷೇರು ಸ್ಥಾಪಕರ ಕೈಯಲ್ಲೇ ಇತ್ತು, ಪೇಟೆಯಲ್ಲಿ ಸಿಗುತ್ತಿದ್ದುದು ಬೆರಳೆಣಿಕೆಯಷ್ಟು. ಸ್ವಲ್ಪ ಜನ ನುಗ್ಗಿದರೂ ಬೆಲೆ ಚಿಮ್ಮುತ್ತಿತ್ತು. ಕೆಲವೇ ತಿಂಗಳಲ್ಲಿ ಶೇ 90ಕ್ಕೂ ಹೆಚ್ಚು ಬಿತ್ತು.

ಸರ್ಕಾರದ ನೀತಿಯೂ ಈ ವ್ಯಾಪಾರದಲ್ಲಿ ದೊಡ್ಡ ವಿಷಯ. 2020ರಲ್ಲಿ ಟೆಸ್ಲಾಗೆ ಮೊದಲ ಸಲ ಪೂರ್ತಿ ವರ್ಷದ ಲಾಭ ಬಂತು, 72 ಕೋಟಿ ಡಾಲರ್. ಆದರೆ ಅದೇ ವರ್ಷ ಬೇರೆ ಕಾರು ಕಂಪನಿಗಳಿಗೆ ಮಾಲಿನ್ಯ ನಿಯಮದ ಕ್ರೆಡಿಟ್ (ನಿಯಮ ಮುಟ್ಟಲಾಗದ ಕಂಪನಿಗಳು ಕೊಳ್ಳುವ ಅಂಕ) ಮಾರಿ ಬಂದದ್ದೇ 158 ಕೋಟಿ ಡಾಲರ್. ಆ ಕ್ರೆಡಿಟ್ ಇಲ್ಲದಿದ್ದರೆ ನಷ್ಟ. ಅಮೆರಿಕದಲ್ಲಿ ಹೊಸ ಬ್ಯಾಟರಿ ಕಾರು ಕೊಂಡವರಿಗೆ ಸಿಗುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು. ಮತ್ತೊಂದು ಕಡೆಯಿಂದ ಬಿವೈಡಿಯ ಪೈಪೋಟಿ. 2025ರಲ್ಲಿ ಪೂರ್ತಿ ಬ್ಯಾಟರಿ ಕಾರುಗಳ ಮಾರಾಟದಲ್ಲಿ ಅದು ಟೆಸ್ಲಾವನ್ನು ಹಿಂದೆ ಹಾಕಿತು. ಇಂಥ ಸುದ್ದಿಯೆಲ್ಲ ಬರುವುದು ನಾವು ಮಲಗಿರುವಾಗ. ಅಮೆರಿಕದ ಪೇಟೆ ತೆರೆಯುವುದು ನಮ್ಮ ಸಮಯದಲ್ಲಿ ಬೇಸಿಗೆಯಲ್ಲಿ ಸಂಜೆ ಏಳಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ. ಮುಚ್ಚುವುದು ಮಧ್ಯರಾತ್ರಿ ಕಳೆದ ಮೇಲೆ.

ಈಗ ನೀವು ಕೇಳಿದ 'ಅಂತೆ'ಗಳು.

ಡಾಲರ್ ಏರುವುದರಿಂದ ನಷ್ಟ ಆಗೋದಿಲ್ಲ ಅನ್ನುವುದು ಅರ್ಧ ಸತ್ಯ. ರೂಪಾಯಿ ಎದುರು ಡಾಲರ್ ಏರುತ್ತಾ ಬಂದಿರುವುದು ಹೌದು. 2010ರಲ್ಲಿ 45 ರೂಪಾಯಿ ಆಸುಪಾಸಿನಲ್ಲಿತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ ನಾಲ್ಕೈದು. ಆದರೆ 2022ರ ಮೊದಲ ದಿನ ಒಂದು ಲಕ್ಷ ರೂಪಾಯಿಯ ಟೆಸ್ಲಾ ಕೊಂಡವನ ಕತೆ ನೋಡಿ. ವರ್ಷದ ಕೊನೆಗೆ ಷೇರು 35 ಸಾವಿರಕ್ಕೆ ಇಳಿಯಿತು. ಆ ವರ್ಷ ಡಾಲರ್ ಸುಮಾರು ಶೇ 11 ಏರಿತ್ತು. ಅದನ್ನು ಸೇರಿಸಿದರೂ ಕೈಯಲ್ಲಿ ಉಳಿದಿದ್ದು 39 ಸಾವಿರದ ಹತ್ತಿರ. ಡಾಲರ್ ನಾಲ್ಕು ಸಾವಿರ ಉಳಿಸಿತು, ಷೇರು 65 ಸಾವಿರ ಕಳೆಯಿತು.

ಒಂದು ಪೂರ್ತಿ ಷೇರನ್ನೇ ಕೊಳ್ಳಬೇಕು ಅಂತಲೂ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಅಮೆರಿಕದ ಪೇಟೆಯಲ್ಲಿ ಹಲವು ಬ್ರೋಕರ್‌ಗಳು ಷೇರಿನ ತುಣುಕನ್ನೂ ಕೊಡುತ್ತಾರೆ. ಹತ್ತು ಡಾಲರ್‌ಗೆ ಎಷ್ಟು ಬರುತ್ತೋ ಅಷ್ಟೇ ಕೊಳ್ಳಬಹುದು.

ತೆರಿಗೆ ಇಲ್ಲ ಅನ್ನುವುದು ಪೂರ್ತಿ ತಪ್ಪು, ಮತ್ತು ನಿಮ್ಮಂಥ ರೈತರಿಗೆ ಇದೇ ದೊಡ್ಡ ಗುಂಡಿ. ವಿದೇಶಿ ಷೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5. ಅದಕ್ಕಿಂತ ಮುಂಚೆ ಮಾರಿದರೆ ಲಾಭ ನಿಮ್ಮ ಬೇರೆ ಆದಾಯಕ್ಕೆ ಸೇರಿ, ನಿಮ್ಮ ಆದಾಯದ ಹಂತದ (ಸ್ಲ್ಯಾಬ್) ಪ್ರಕಾರ ತೆರಿಗೆ. ಅಮೆರಿಕದವರು ಈ ಲಾಭದ ಮೇಲೆ ನಮ್ಮಿಂದ ತೆರಿಗೆ ಹಿಡಿಯುವುದಿಲ್ಲ. ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭ) ಬಂದರೆ ಅಲ್ಲೇ ಶೇ 25 ಹಿಡಿಯುತ್ತಾರೆ. ಟೆಸ್ಲಾ ಇದುವರೆಗೆ ಡಿವಿಡೆಂಡ್ ಕೊಟ್ಟೇ ಇಲ್ಲ, ಹಾಗಾಗಿ ಆ ವಿಷಯ ಸದ್ಯಕ್ಕೆ ಬಿಡಿ.

ನಿಮಗೆ ಕೃಷಿ ಆದಾಯ ಬಿಟ್ಟು ಬೇರೇನೂ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾಗಿ ಷೇರಿನಲ್ಲಿ ಇಪ್ಪತ್ತು ಮೂವತ್ತು ಸಾವಿರ ಲಾಭ ಬಂದರೂ, ಮೂಲ ವಿನಾಯಿತಿ ಮಿತಿಯೊಳಗೆ ಇರುವುದರಿಂದ ನೀವು ತೆರಿಗೆ ಕಟ್ಟಬೇಕಾಗದೇ ಇರಬಹುದು. ಇಲ್ಲೇ ಬಹಳ ಜನ ಎಡವುತ್ತಾರೆ. ತೆರಿಗೆ ಇಲ್ಲ ಅಂದ ಮೇಲೆ ರಿಟರ್ನ್ ಯಾಕೆ ಅಂತ ಬಿಡುತ್ತಾರೆ. ಕಾನೂನು ಬೇರೆ ಹೇಳುತ್ತೆ. ಭಾರತದಲ್ಲಿ ವಾಸಿಸುವವರ ಹೆಸರಿನಲ್ಲಿ ವಿದೇಶದಲ್ಲಿ ಒಂದು ಷೇರಿನ ತುಣುಕು ಇದ್ದರೂ, ಆದಾಯ ಎಷ್ಟೇ ಕಡಿಮೆ ಇದ್ದರೂ, ಐಟಿ ರಿಟರ್ನ್ ಹಾಕಲೇಬೇಕು. ಒಂದು ರೂಪಾಯಿ ಲಾಭ ಬರದಿದ್ದರೂ ಹಾಕಬೇಕು. ಷೇರು ನಿಮ್ಮ ಹತ್ತಿರ ಇರುವಷ್ಟು ವರ್ಷವೂ ಹಾಕಬೇಕು.

ಅದೂ ಸುಲಭದ ಐಟಿಆರ್-1 'ಸಹಜ್' ಅಲ್ಲ. ವಿದೇಶಿ ಆಸ್ತಿ ಇದ್ದವರಿಗೆ ಅದು ನಡೆಯುವುದಿಲ್ಲ. ಐಟಿಆರ್-2 ಹಾಕಿ, ಅದರಲ್ಲಿ ಶೆಡ್ಯೂಲ್ ಎಫ್‌ಎ ಅನ್ನುವ ಭಾಗ ತುಂಬಬೇಕು. ಆ ಪುಟ ಹೇಗಿರುತ್ತೆ ಅಂತ ಹೇಳುತ್ತೇನೆ. ಯಾವ ದೇಶ, ಕಂಪನಿಯ ಹೆಸರು, ವಿಳಾಸ, ಅಲ್ಲಿನ ಪಿನ್‌ಕೋಡ್, ಕೊಂಡ ತಾರೀಕು, ಕೊಂಡಾಗಿನ ಬೆಲೆ, ವರ್ಷದಲ್ಲಿ ಮುಟ್ಟಿದ ಅತಿ ಹೆಚ್ಚಿನ ಬೆಲೆ, ವರ್ಷದ ಕೊನೆಯ ಬೆಲೆ, ಬಂದ ಡಿವಿಡೆಂಡ್, ಮಾರಿದ್ದರೆ ಬಂದ ಮೊತ್ತ, ಎಲ್ಲಕ್ಕೂ ಒಂದೊಂದು ಕಾಲಂ. ಎಲ್ಲವನ್ನೂ ಸ್ಟೇಟ್ ಬ್ಯಾಂಕ್ ಡಾಲರ್ ಕೊಳ್ಳುವ (ಟಿಟಿ) ದರದಲ್ಲಿ ರೂಪಾಯಿಗೆ ತಿರುಗಿಸಿ ಬರೆಯಬೇಕು. ಇಲ್ಲಿ ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ಐದು ಸಲ ಸ್ವಲ್ಪ ಸ್ವಲ್ಪ ಕೊಂಡಿದ್ದರೆ ಐದು ತಾರೀಕಿನ ಲೆಕ್ಕ. ಇದನ್ನು ತುಂಬಿಸಲು ಯಾರಾದರೂ ಲೆಕ್ಕಪರಿಶೋಧಕರ ಹತ್ತಿರ ಹೋದರೆ ಅವರ ಫೀಸು ಪ್ರತಿ ವರ್ಷ ಇರುತ್ತೆ. ಹತ್ತು ಸಾವಿರದ ಷೇರಿಗೆ ವರ್ಷ ವರ್ಷ ಈ ಖರ್ಚು ಬೇಕಾ ಅಂತ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ.

ವಿದೇಶಿ ಆಸ್ತಿ ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಲು ಅವಕಾಶ ಇದೆ. 2024ರ ಅಕ್ಟೋಬರ್‌ನಿಂದ, ಮನೆ ಜಮೀನು ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಆ ದಂಡ ಹಾಕುವುದಿಲ್ಲ ಅಂತ ಸಡಿಲ ಮಾಡಿದ್ದಾರೆ. ದಂಡ ಸಡಿಲವಾಗಿದೆ, ತೋರಿಸುವ ಕರ್ತವ್ಯ ಸಡಿಲವಾಗಿಲ್ಲ. ವಿದೇಶಿ ಖಾತೆಗಳ ಮಾಹಿತಿ ಹಲವು ದೇಶಗಳಿಂದ ನಮ್ಮ ತೆರಿಗೆ ಇಲಾಖೆಗೆ ತಾನಾಗಿಯೇ ಬರುತ್ತೆ. ಮೆಸೇಜು, ನೋಟಿಸು ಬಂದ ಮೇಲೆ ಓಡಾಡುವ ಬದಲು ಮೊದಲೇ ತೋರಿಸುವುದು ಸುಲಭ.

ಸೊಸೈಟಿ ಸಾಲದ ಬಗ್ಗೆ ಕೇಳಿದ್ದೀರಿ. ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ನಮ್ಮ ರಾಜ್ಯದಲ್ಲಿ ಐದು ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುವ ಅಲ್ಪಾವಧಿ ಸಾಲ ಬೆಳೆಗೆ ಅಂತ ಕೊಡುವುದು. ಗಡುವಿಗೆ ಸರಿಯಾಗಿ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಗಡುವು ಬಂದ ದಿನ ಷೇರು ಶೇ 40 ಕೆಳಗಿದ್ದರೆ ಏನು ಮಾಡುತ್ತೀರಿ? ನಷ್ಟಕ್ಕೆ ಮಾರಬೇಕು, ಇಲ್ಲವೇ ಬಡ್ಡಿ ಹೊರಬೇಕು. ವಿದೇಶಿ ಷೇರು ಕೊಳ್ಳಲು ಹಣ ಕಳಿಸುವವರಿಗೆ ಬ್ಯಾಂಕುಗಳು ಸಾಲವನ್ನೇ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಾಲದ ಹಣ ಈ ಕೆಲಸಕ್ಕೆ ಸಲ್ಲದು ಅನ್ನುವುದು ನನ್ನೊಬ್ಬನ ಅಭಿಪ್ರಾಯ ಅಲ್ಲ.

ಹಾಗಾದರೆ ನಿಜವಾದ ದಾರಿ ಯಾವುದು? ರಿಸರ್ವ್ ಬ್ಯಾಂಕ್ 2004ರಲ್ಲಿ ತಂದ ಎಲ್‌ಆರ್‌ಎಸ್ ಅನ್ನುವ ವ್ಯವಸ್ಥೆ ಇದೆ. ಅದರಲ್ಲಿ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ವಿದೇಶಕ್ಕೆ ಕಳಿಸಬಹುದು. ನಿಮಗೆ ಪ್ಯಾನ್ ಕಾರ್ಡ್ ಬೇಕು. ವಿದೇಶಿ ಷೇರಿನ ಸೌಲಭ್ಯ ಕೊಡುವ ಬ್ರೋಕರ್ ಹತ್ತಿರ ಖಾತೆ ತೆರೆಯಬೇಕು. ನಿಮ್ಮದೇ ಉಳಿತಾಯ ಖಾತೆಯಿಂದ, ಫಾರಂ ಎ2 ತುಂಬಿ, ಯಾವ ಕಾರಣಕ್ಕೆ ಕಳಿಸುತ್ತಿದ್ದೀರಿ ಅಂತ ಬರೆದು, ಬ್ಯಾಂಕಿನ ಮೂಲಕ ಕಳಿಸಬೇಕು. ಹಣ ಎಲ್ಲಿಂದ ಬಂತು ಅಂತ ಬ್ಯಾಂಕಿನವರು ಕೇಳಬಹುದು. ರಿಟರ್ನ್ ಇಲ್ಲದ ರೈತರು ಎಪಿಎಂಸಿ ಪಟ್ಟಿ, ಪಹಣಿ, ಹಿಂದಿನ ಒಂದು ವರ್ಷದ ಪಾಸ್‌ಬುಕ್ ಇಟ್ಟುಕೊಂಡಿರಿ. ಭತ್ತದ ಹಣ ಖಾತೆಗೇ ಬಂದಿದ್ದರೆ ಈ ಪ್ರಶ್ನೆ ಬೇಗ ಮುಗಿಯುತ್ತೆ. ವರ್ಷಕ್ಕೆ 10 ಲಕ್ಷ ಮೀರಿದ ಮೇಲೆ ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಶೇ 20 ಹಿಡಿಯುತ್ತಾರೆ. ನಿಮ್ಮ ಮೊತ್ತಕ್ಕೆ ಅದು ತಾಗುವುದಿಲ್ಲ. ಕಳಿಸಿದ ಡಾಲರ್ ಬ್ರೋಕರ್ ಖಾತೆಯಲ್ಲಿ ಸುಮ್ನೆ ಕೂರಿಸುವಂತಿಲ್ಲ. 180 ದಿನದೊಳಗೆ ಹೂಡಬೇಕು, ಇಲ್ಲವೇ ವಾಪಸ್ ತರಬೇಕು.

ಇನ್ನು ಖರ್ಚು. ಆ್ಯಪ್‌ಗಳು 'ಬ್ರೋಕರೇಜ್ ಇಲ್ಲ' ಅಂತ ದೊಡ್ಡದಾಗಿ ಬರೆಯುತ್ತವೆ. ಹಣ ಕಳಿಸುವ ಖರ್ಚು ಬೇರೆ ಕಡೆ ಇರುತ್ತೆ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬದಲಾಗುತ್ತೆ, ಆದರೂ ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಬ್ಯಾಂಕಿನ ಶುಲ್ಕ 1,000 ರೂಪಾಯಿ, ಅದಕ್ಕೆ ಜಿಎಸ್‌ಟಿ 180. ಡಾಲರ್ ಕೊಡುವಾಗ ಬ್ಯಾಂಕ್ ಇಟ್ಟುಕೊಳ್ಳುವ ವ್ಯತ್ಯಾಸ ಶೇ 1. ಕರೆನ್ಸಿ ಬದಲಾವಣೆಗೆ ಜಿಎಸ್‌ಟಿ ಬೇರೆ. 50,000 ಕಳಿಸಿದರೆ ಎಲ್ಲ ಸೇರಿ 1,770 ಆಗುತ್ತೆ, ಅಂದರೆ ಶೇ ಮೂರೂವರೆ. ಅದೇ 'ತಿಂಗಳಿಗೆ ಐದು ಸಾವಿರ ಹಾಕ್ತಾ ಹೋಗ್ತೀನಿ' ಅಂದರೆ ಪ್ರತಿ ಸಲ 1,275 ಹೋಗುತ್ತೆ. ಐದು ಸಾವಿರಕ್ಕೆ! ಕಾಲು ಭಾಗ ಷೇರು ಕೊಳ್ಳುವ ಮುಂಚೆಯೇ ಮಾಯ. ಕೆಲವು ಬ್ರೋಕರ್‌ಗಳು ಬ್ಯಾಂಕಿನ ಜೊತೆ ಒಪ್ಪಂದ ಮಾಡಿಕೊಂಡು ಈ ಶುಲ್ಕ ಕಡಿಮೆ ಮಾಡಿರುತ್ತಾರೆ. ಕಳಿಸುವ ಮುಂಚೆ ಪೂರ್ತಿ ಖರ್ಚನ್ನು ಬರಹದಲ್ಲಿ ಕೇಳಿ ತಗೊಳ್ಳಿ, ವಾಪಸ್ ತರುವಾಗಿನದನ್ನೂ ಸೇರಿಸಿ.

ಬ್ರೋಕರ್ ಆರಿಸುವಾಗ ಒಂದು ಎಚ್ಚರ. ಕೆಲವು ವಿದೇಶಿ ಆ್ಯಪ್‌ಗಳಲ್ಲಿ ಟೆಸ್ಲಾ ಅಂತ ಹೆಸರು ಕಾಣುತ್ತೆ, ಆದರೆ ಅಲ್ಲಿ ಷೇರು ನಿಮ್ಮ ಹೆಸರಿಗೆ ಬರುವುದೇ ಇಲ್ಲ. ಬೆಲೆಯ ಏರಿಳಿತದ ಮೇಲೆ ಮಾರ್ಜಿನ್ (ಬೆಲೆಯ ಒಂದು ಪಾಲು ಮುಂಗಡ) ಕಟ್ಟಿ ಆಡುವ ಪಂದ್ಯ ಅದು. ಸಿಎಫ್‌ಡಿ ಅಂತ ಕರೆಯುತ್ತಾರೆ. ಮಾರ್ಜಿನ್‌ಗೆ ಅಂತ ಎಲ್‌ಆರ್‌ಎಸ್‌ನಲ್ಲಿ ಹಣ ಕಳಿಸುವಂತಿಲ್ಲ. ಅಮೆರಿಕದ ನಿಜವಾದ ಬ್ರೋಕರ್ ಆಗಿದ್ದರೆ ಅಲ್ಲಿನ ಎಸ್‌ಐಪಿಸಿ ಅನ್ನುವ ರಕ್ಷಣಾ ಸಂಸ್ಥೆಯ ಸದಸ್ಯ ಆಗಿರುತ್ತೆ. ಬ್ರೋಕರ್ ಮುಳುಗಿದರೆ 5 ಲಕ್ಷ ಡಾಲರ್‌ವರೆಗೆ ರಕ್ಷಣೆ ಸಿಗುತ್ತೆ. ಷೇರಿನ ಬೆಲೆ ಬಿದ್ದರೆ ಯಾರ ರಕ್ಷಣೆಯೂ ಇಲ್ಲ.

ಈಗ ನಿಮ್ಮ ನಾಲ್ಕು ಲಕ್ಷ. ನನ್ನ ಮುಂದೆ ಕೂತಿದ್ದರೆ ನಾನು ಕೇಳುವ ಮೊದಲ ಪ್ರಶ್ನೆ ಟೆಸ್ಲಾ ಬಗ್ಗೆ ಅಲ್ಲ, ಎರಡನೇ ಬೆಳೆ ಬಗ್ಗೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಮುನಿರಾಬಾದ್‌ನಿಂದ ರಾಯಚೂರಿನವರೆಗೆ ಎಡದಂಡೆಯ ಎಲ್ಲರೂ ಎಷ್ಟು ಆತಂಕದಲ್ಲಿದ್ದರು ಅಂತ ನೀವೇ ಕಂಡಿದ್ದೀರಿ. ಕಾಲುವೆಗೆ ನೀರು ಬಿಡದ ಒಂದು ಬೇಸಿಗೆ ಸಾಕು, ವರ್ಷದ ಆದಾಯ ಅರ್ಧ ಆಗಲು. ಒಂದು ಎಕರೆ ನಾಟಿಯಿಂದ ಕಟಾವಿನವರೆಗೆ ಎಷ್ಟು ಖರ್ಚು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದನ್ನು ಎಂಟರಿಂದ ಗುಣಿಸಿ. ಅದರ ಮೇಲೆ ಆರು ತಿಂಗಳ ಮನೆ ಖರ್ಚು ಸೇರಿಸಿ. ಆ ಮೊತ್ತ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಕೂಡಲೇ ಕೈಗೆ ಸಿಗುವಂತೆ ಇರಬೇಕು. ಹೀಗೆ ಎತ್ತಿಟ್ಟರೆ ನಾಲ್ಕು ಲಕ್ಷದಲ್ಲಿ ಹೆಚ್ಚಿನ ಪಾಲು ಅಲ್ಲೇ ಹೋಗುತ್ತೆ. ನಿಮ್ಮ ಮನೆಯವರು ಬೇಡ ಅನ್ನುವುದರ ಹಿಂದೆ ಇದೇ ಲೆಕ್ಕ ಇದೆ ಅಂತ ನನಗೆ ಅನಿಸುತ್ತೆ, ಮತ್ತು ಅಷ್ಟರ ಮಟ್ಟಿಗೆ ಅವರು ಸರಿ.

ಉಳಿಯುವುದು ಐವತ್ತು ಸಾವಿರವೋ ಅರವತ್ತೋ ಇರಬಹುದು. ಐದು ವರ್ಷ ಮುಟ್ಟುವ ಅಗತ್ಯ ಬೀಳದ ಹಣ ಅದಾಗಿದ್ದರೆ ಮಾತ್ರ ಮುಂದೆ ಯೋಚಿಸಿ. ಷೇರಿಗೆ ಹೊಸಬರಾದ ನಿಮಗೆ ನಾನು ಮೊದಲು ಹೇಳುವುದು ಮ್ಯೂಚುಯಲ್ ಫಂಡ್, ಅಂದರೆ ಹಲವರ ಹಣ ಒಟ್ಟು ಮಾಡಿ ಹೂಡುವ ವ್ಯವಸ್ಥೆ. ಅಮೆರಿಕದ ನಾಸ್ಡಾಕ್ 100 ಸೂಚ್ಯಂಕದಲ್ಲಿ ಹೂಡುವ ಭಾರತೀಯ ಫಂಡ್‌ಗಳಿವೆ. ಆ ಸೂಚ್ಯಂಕದಲ್ಲಿ ಟೆಸ್ಲಾವೂ ಇದೆ, ಜೊತೆಗೆ ಇನ್ನೂ ನೂರರಷ್ಟು ಕಂಪನಿಗಳಿವೆ. ರೂಪಾಯಿಯಲ್ಲೇ ಕಟ್ಟುತ್ತೀರಿ. ಎಲ್‌ಆರ್‌ಎಸ್ ಇಲ್ಲ, ಶೆಡ್ಯೂಲ್ ಎಫ್‌ಎ ಇಲ್ಲ. ಒಂದು ಕಂಪನಿ ಮುಳುಗಿದರೆ ಎಲ್ಲವೂ ಮುಳುಗುವುದಿಲ್ಲ. ತೊಡಕು ಏನೆಂದರೆ, ನಮ್ಮ ಫಂಡ್‌ಗಳೆಲ್ಲ ಸೇರಿ ವಿದೇಶದಲ್ಲಿ ಹೂಡಲು 700 ಕೋಟಿ ಡಾಲರ್ ಮಿತಿ ಇದೆ. 2022ರ ಫೆಬ್ರವರಿಯಲ್ಲಿ ಆ ಮಿತಿ ಮುಟ್ಟಿದಾಗ ಹೊಸ ಹಣ ತಗೊಳ್ಳುವುದನ್ನು ನಿಲ್ಲಿಸಿದ್ದರು. ಆಮೇಲೂ ತೆರೆಯುವುದು ಮುಚ್ಚುವುದು ನಡೆದಿದೆ. ಇಟಿಎಫ್ (ಷೇರಿನಂತೆಯೇ ಕೊಳ್ಳುವ ಫಂಡ್) ಆದರೆ ಪೇಟೆಯಲ್ಲಿ ಯಾವಾಗಲೂ ಸಿಗುತ್ತೆ, ಆದರೆ ಕೆಲವೊಮ್ಮೆ ಅದರೊಳಗಿನ ಷೇರುಗಳ ಬೆಲೆಗಿಂತ ಬಹಳ ದುಬಾರಿಯಾಗಿ ಮಾರಾಟವಾಗುತ್ತೆ. ಕೊಳ್ಳುವ ದಿನ ಎನ್‌ಎವಿ (ಒಳಗಿನ ಷೇರುಗಳ ಬೆಲೆ) ಎಷ್ಟು, ಪೇಟೆ ಬೆಲೆ ಎಷ್ಟು ಅಂತ ಎರಡನ್ನೂ ನೋಡಿ.

ಟೆಸ್ಲಾವನ್ನೇ ನೇರವಾಗಿ ಕೊಳ್ಳಬೇಕು ಅನ್ನುವ ಆಸೆ ಇದ್ದರೆ ತಪ್ಪೇನಿಲ್ಲ. ವರ್ಷಕ್ಕೊಮ್ಮೆ ಒಂದೇ ಸಲ ಕಳಿಸಿ, ಚೂರು ಚೂರು ಕಳಿಸಬೇಡಿ. ಅರ್ಧಕ್ಕಿಂತ ಕೆಳಗೆ ಬಿದ್ದರೂ ಮನೆಯಲ್ಲಿ ಯಾರ ನಿದ್ದೆಯೂ ಕೆಡದಷ್ಟು ಮೊತ್ತ ಇರಲಿ. 2021ರ ನವೆಂಬರ್‌ನಲ್ಲಿ ಬೆಲೆ ಶಿಖರದಲ್ಲಿದ್ದಾಗ ಸುಮಾರು 410 ಡಾಲರ್‌ಗೆ ಕೊಂಡವರು 2023ರ ಜನವರಿಯಲ್ಲಿ 108 ನೋಡಿದರು, ಮತ್ತೆ 410 ನೋಡಲು 2024ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಸಾಲದ ಹಣವಾಗಿದ್ದರೆ ಮೂರು ವರ್ಷ ಕಾಯಲು ಆಗುತ್ತಿತ್ತಾ?

ನಮ್ಮ ದೇಶದ್ದೇ ಕೊಂಡರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಕಾಗದಪತ್ರದ ತಲೆನೋವು ಕಡಿಮೆ, ಬೆಲೆಯ ತಲೆನೋವು ಮಾತ್ರ ಅಷ್ಟೇ ಇರುತ್ತೆ. ಓಲಾ ಎಲೆಕ್ಟ್ರಿಕ್ 2024ರ ಆಗಸ್ಟ್‌ನಲ್ಲಿ 76 ರೂಪಾಯಿಗೆ ಬಂದು, ಎರಡೇ ವಾರದಲ್ಲಿ 157 ಮುಟ್ಟಿ, 2025ರಲ್ಲಿ 50ಕ್ಕೂ ಕೆಳಗೆ ಇಳಿಯಿತು. ಬಳ್ಳಾರಿ ಕಡೆ ಇನ್ನೊಂದು ಗೊಂದಲ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜೆಎಸ್‌ಡಬ್ಲ್ಯೂ ಗುಂಪಿಗೆ ಎಂಜಿ ಕಾರು ಕಂಪನಿಯಲ್ಲಿ ಪಾಲು ಇದೆ, ಹಾಗಾಗಿ ಜೆಎಸ್‌ಡಬ್ಲ್ಯೂ ಸ್ಟೀಲ್ ಷೇರು ಕೊಂಡರೆ ಬ್ಯಾಟರಿ ಕಾರಿನ ಪಾಲೂ ಬಂತು ಅಂತ ತಿಳಿಯುತ್ತಾರೆ. ಗುಂಪು ಒಂದೇ ಆದರೂ ಕಂಪನಿಗಳು ಬೇರೆ. ಸ್ಟೀಲ್ ಷೇರು ಕೊಂಡವರಿಗೆ ಸಿಗುವುದು ಉಕ್ಕಿನ ವ್ಯಾಪಾರದ ಪಾಲು.

ಕೊನೆಗೆ, ಕೊಂಡರೆ ಮಾಡಲೇಬೇಕಾದ ಒಂದು ಕೆಲಸ. ಖಾತೆ ತೆರೆಯುವಾಗ ಡಬ್ಲ್ಯೂ-8 ಬೆನ್ ಅನ್ನುವ ಅಮೆರಿಕದ ಫಾರಂಗೆ ಸಹಿ ಹಾಕಿಸುತ್ತಾರೆ. ನೀವು ಅಮೆರಿಕದವರಲ್ಲ ಅಂತ ಹೇಳುವ ಕಾಗದ ಅದು. ಸುಮಾರು ಮೂರು ವರ್ಷಕ್ಕೊಮ್ಮೆ ಹೊಸದು ಕೊಡಬೇಕು. ಆ ದೇಶದವರಲ್ಲದವರು ತೀರಿಕೊಂಡಾಗ ಅವರ ಹೆಸರಿನಲ್ಲಿ 60,000 ಡಾಲರ್‌ಗಿಂತ ಹೆಚ್ಚಿನ ಅಮೆರಿಕನ್ ಷೇರು ಇದ್ದರೆ ಅಲ್ಲಿ ಎಸ್ಟೇಟ್ ಟ್ಯಾಕ್ಸ್ (ತೀರಿಕೊಂಡವರ ಆಸ್ತಿ ಮೇಲಿನ ತೆರಿಗೆ) ಬರುತ್ತೆ, ಶೇ 40ರವರೆಗೂ ಹೋಗಬಹುದು. ನಿಮಗೆ ಇದು ದೂರದ ಮಾತು. ನಿಮ್ಮ ಅಳಿಯ ದೊಡ್ಡ ಮೊತ್ತ ಹಾಕಿದ್ದರೆ ಅವನಿಗೆ ತಿಳಿಸಿ. ನಿಮಗೆ ಹತ್ತಿರದ ಮಾತು ಬೇರೆ ಇದೆ. ಈ ಖಾತೆಯ ಪಾಸ್‌ಬುಕ್ ಮನೆಗೆ ಬರುವುದಿಲ್ಲ, ಎಲ್ಲವೂ ನಿಮ್ಮ ಫೋನಿನಲ್ಲೇ ಇರುತ್ತೆ. ಬ್ರೋಕರ್ ಹೆಸರು, ಖಾತೆ ನಂಬರ್, ನೋಂದಾಯಿಸಿದ ಇಮೇಲ್, ಹಣ ಕಳಿಸಿದ ಬ್ಯಾಂಕಿನ ರಸೀದಿ, ಐಟಿಆರ್-2ರ ಪ್ರತಿ ಇಷ್ಟನ್ನು ಕಾಗದದಲ್ಲಿ ತೆಗೆದು ಪಹಣಿ ಇಟ್ಟಿರುವ ಕಡೆಯೇ ಇಡಿ. ನಾಮಿನಿ ಹಾಕಲು ಅವಕಾಶ ಇರುವ ಬ್ರೋಕರನ್ನೇ ಆರಿಸಿ, ಮನೆಯವರ ಹೆಸರು ಹಾಕಿ, ಹಣ ಕಳಿಸುವ ಮುಂಚೆಯೇ ಅವರಿಗೆ ಎಲ್ಲವನ್ನೂ ತೋರಿಸಿ.